ಮೊಬೈಲ್‌ಗೆ ಹರಾಜು, ಸ್ಯಾಟಲೈಟ್‌ಗೆ ಯಾಕಿಲ್ಲ?

ಮಾನ್ವಿ ಸುತ್ತಮುತ್ತಲ ಹಳ್ಳಿಗಳಲ್ಲಿ ಡಿಶ್ ಕೂರಿಸುವುದು ನನ್ನ ಕೆಲಸ. ಸ್ಯಾಟಲೈಟ್ ಇಂಟರ್ನೆಟ್ ಸುದ್ದಿ ಬಂದಾಗಿನಿಂದ ಯಾರ ಮಾಳಿಗೆ ಹತ್ತಿದರೂ ಇದೇ ಪ್ರಶ್ನೆ: "ಅಣ್ಣಾ, ಮೊಬೈಲ್‌ನೋರು ಹರಾಜಿನಾಗ ಕೋಟಿಗಟ್ಟಲೆ ಸುರೀತಾರ. ಸ್ಯಾಟಲೈಟ್‌ನೋರಿಗೆ ತರಂಗಾಂತರ ಹರಾಜಿಲ್ಲದೇ ಪುಕ್ಕಟೆ ಕೊಡ್ತಾರಂತಲ್ಲ, ಯಾಕ?"

ಕೇಳುವುದರಲ್ಲಿ ನ್ಯಾಯವಿದೆ. 2022ರ 5ಜಿ ಹರಾಜು ಸುಮಾರು 1.5 ಲಕ್ಷ ಕೋಟಿ ರೂಪಾಯಿಗೆ ಹೋಯಿತು. ಹರಾಜಿಲ್ಲದೆ ಹಂಚಿದ 2ಜಿ ಏನಾಯ್ತು ಅಂತಲೂ ಜನ ಮರೆತಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು.

ಆದರೂ ಇಲ್ಲಿ ಹರಾಜು ಬೇಡ ಅನ್ನುತ್ತೇನೆ. ಕಾರಣ ಮಾಳಿಗೆ ಮೇಲೆಯೇ ಇದೆ.

ಒಂದೇ ಮನೆಯಲ್ಲಿ ಅಣ್ಣನದೊಂದು ಡಿಶ್, ತಮ್ಮನದೊಂದು. ಒಂದು ಪೂರ್ವ ರೇಖಾಂಶ 83 ಡಿಗ್ರಿಯ ಉಪಗ್ರಹ ನೋಡುತ್ತದೆ, ಇನ್ನೊಂದು 93.5 ಡಿಗ್ರಿಯದು. ಎರಡಕ್ಕೂ ಬರುವ ಸಿಗ್ನಲ್ ಹತ್ತಿರ ಹತ್ತಿರ 11 ಗಿಗಾಹರ್ಟ್ಸ್. ಆದರೂ ತಕರಾರಿಲ್ಲ, ಯಾಕಂದ್ರೆ ಡಿಶ್ ತನ್ನ ದಿಕ್ಕು ಬಿಟ್ಟು ಬೇರೆ ಕಡೆ ನೋಡುವುದಿಲ್ಲ. ಹಿಂದಿನ ಬೋಲ್ಟ್ ಸಡಿಲಿಸಿ ಅಂಚನ್ನು ಎರಡು ಬೆರಳಷ್ಟು ಸರಿಸಿ ನೋಡಿ, ಸಿಗ್ನಲ್ ಮೀಟರ್ ಧೊಪ್ಪನೆ ಬೀಳುತ್ತದೆ. ಮೊಬೈಲ್ ಟವರ್ ಹಾಗಲ್ಲ, ಅದು ಸುತ್ತಲೂ ಚೆಲ್ಲುತ್ತದೆ. ಒಂದೇ ಊರಲ್ಲಿ ಇಬ್ಬರು ಒಂದೇ ತರಂಗಾಂತರ ಹಿಡಿದರೆ ಇಬ್ಬರದೂ ಕೆಡುತ್ತದೆ. ಅದಕ್ಕೇ ಅಲ್ಲಿ ಒಬ್ಬರಿಗೊಂದು ಪಾಲು, ಪಾಲಿಗೊಂದು ಹರಾಜು. ಸ್ಯಾಟಲೈಟ್‌ನವರು ಮಾತಾಡಿಕೊಂಡರೆ ಒಂದನ್ನೇ ಹಲವರು ಬಳಸಬಹುದು. ಅದನ್ನು ಒಬ್ಬರಿಗೇ ಬರೆದುಕೊಟ್ಟರೆ ಉಳಿದವರನ್ನು ಸುಮ್ನೆ ಹೊರಗಿಟ್ಟ ಹಾಗೆ, ಅಲ್ವಾ? 2023ರ ದೂರಸಂಪರ್ಕ ಕಾಯ್ದೆಯೂ ಉಪಗ್ರಹ ಸೇವೆಗಳನ್ನು ಹರಾಜಿಲ್ಲದೆ ಹಂಚುವ ಪಟ್ಟಿಗೆ ಸೇರಿಸಿದೆ.

ಪುಕ್ಕಟೆ ಅನ್ನುವುದೂ ತಪ್ಪು. 2025ರ ಮೇನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಮಾಡಿದ ಶಿಫಾರಸು: ಆದಾಯದಲ್ಲಿ ಶೇ 4, ಭೂಮಿಗೆ ಹತ್ತಿರ ಸುತ್ತುವ ಉಪಗ್ರಹಗಳಾದರೆ ನಗರದ ಪ್ರತಿ ಸಂಪರ್ಕಕ್ಕೆ ವರ್ಷಕ್ಕೆ ಇನ್ನೂ 500 ರೂಪಾಯಿ. ಹಳ್ಳಿಯ ಸಂಪರ್ಕಕ್ಕೆ ಈ 500 ಇಲ್ಲ. ಹಂಚಿಕೆಯ ಅವಧಿ 5 ವರ್ಷ.

ನನ್ನ ಚಿಂತೆ ದುಡ್ಡಿನದಲ್ಲ. ನಾವು ತುಂಗಭದ್ರಾ ಎಡದಂಡೆ ನಾಲೆಯ ಕೊನೆಯವರು. ನಾಲೆಯ ನೀರನ್ನು ಹರಾಜು ಹಾಕಿ ಅಂತ ಇಲ್ಲಿ ಯಾರೂ ಕೇಳಿಲ್ಲ. ಮೇಲಿನವರು ಪಂಪ್ ಇಟ್ಟು ಎತ್ತುವುದನ್ನು ನಿಲ್ಲಿಸಿ, ವಾರಬಂದಿ, ಅಂದ್ರೆ ಸರದಿ ಪ್ರಕಾರ ನೀರು ಬಿಡುವುದನ್ನು, ಸರಿಯಾಗಿ ನಡೆಸಿ, ನಮ್ಮ ತನಕ ಗೇಜ್ (ನೀರಿನ ಮಟ್ಟ) ಬರಲಿ ಅಂತ ಕೇಳಿದ್ದೇವೆ. ಆಕಾಶದಲ್ಲೂ ಮೊದಲಿದ್ದವರೇ ಹಿಡಿದುಬಿಡುವ ಇದೇ ಭಯ. ದೇಶದೇಶಗಳ ನಡುವೆ ತರಂಗಾಂತರ ಹೊಂದಿಸುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ ಬಹುಪಾಲು ಮೊದಲು ಅರ್ಜಿ ಹಾಕಿದವರಿಗೇ ಮೊದಲ ಹಕ್ಕು. ಕಾಗದದಲ್ಲಿ ಸಾವಿರಾರು ಉಪಗ್ರಹ ತೋರಿಸಿ ಜಾಗ ಹಿಡಿದು ಕೂತವರಿದ್ದರು. 2019ರಲ್ಲಿ ಒಕ್ಕೂಟ ಅದಕ್ಕೆ ಗಡುವು ಹಾಕಿತು: ಹಂತ ಹಂತವಾಗಿ ಇಷ್ಟಿಷ್ಟು ಉಪಗ್ರಹ ಹಾರಿಸಲೇಬೇಕು, ಇಲ್ಲದಿದ್ದರೆ ಹಕ್ಕು ಮೊಟಕು.

ನಮ್ಮ ಸರ್ಕಾರವೂ ಇಂಥ ಗಡುವು ಹಾಕಬೇಕು. ಲೈಸೆನ್ಸ್ ಪತ್ರದಲ್ಲೇ ಬರೆಯಲಿ: ಟವರ್ ಸಿಗದ ಇಷ್ಟು ಹಳ್ಳಿಗೆ, ಅಲ್ಲಿನ ಶಾಲೆಗೆ, ಆರೋಗ್ಯ ಕೇಂದ್ರಕ್ಕೆ ಇಂಥ ವರ್ಷದೊಳಗೆ ಸಂಪರ್ಕ ಕೊಡಬೇಕು. ಕೊಟ್ಟಿದ್ದಾರಾ ಅಂತ ವರ್ಷಕ್ಕೊಮ್ಮೆ ಅಳೆಯಲಿ. ಕೊಡದವರಿಗೆ 5 ವರ್ಷ ಮುಗಿದ ಮೇಲೆ ಮತ್ತೆ ಕೊಡಬಾರದು.