ಸ್ಟಾಪ್ ಒತ್ತಿದರೂ ಬಿಡದ ಕಾಂಟ್ಯಾಕ್ಟರ್: ಎಂಸಿಸಿ ಪುನಶ್ಚೇತನ, 5ನೇ ಫೀಡರ್

ಎಂಸಿಸಿಯ (ಮೋಟರ್ ಕಂಟ್ರೋಲ್ ಸೆಂಟರ್, ಹಲವು ಮೋಟರ್‌ಗಳನ್ನು ನಡೆಸುವ ಪ್ಯಾನಲ್) ಐದನೇ ಫೀಡರ್, ಅಂದರೆ ಒಂದು ಮೋಟರಿನ ಖಾನೆ, ಕೊನೆಗೂ ಹೇಳಿದ ಮಾತು ಕೇಳುತ್ತಿದೆ. ಫೀಲ್ಡ್‌ನಲ್ಲಿ, ಅಂದರೆ ಮೋಟರ್ ಬಳಿ, ಸ್ಟಾಪ್ ಒತ್ತಿದ ಕ್ಷಣವೇ ಕಾಂಟ್ಯಾಕ್ಟರ್ (ಕಾಯಿಲ್‌ನ ಅಯಸ್ಕಾಂತ ಎಳೆದು ಹಿಡಿಯುವ, ಮೋಟರಿಗೆ ಕರೆಂಟ್ ಕೊಡುವ ಸ್ವಿಚ್) ಬಿಡುತ್ತದೆ, ನೂರು ಸಲ ಒತ್ತಿದರೆ ನೂರು ಸಲವೂ. ಬಸ್‌ಬಾರ್ ಸ್ವಚ್ಛತೆ, ಟಾರ್ಕ್, ಮೆಗ್ಗರ್ (ಇನ್ಸುಲೇಶನ್ ಪರೀಕ್ಷೆ), ಓವರ್‌ಲೋಡ್ ಸೆಟ್ಟಿಂಗ್ ಎಲ್ಲವೂ ಹಿಂದಿನ ನಾಲ್ಕು ಫೀಡರ್‌ಗಳಂತೆಯೇ ಆದವು. ಅದನ್ನು ಮತ್ತೆ ಬರೆಯುವುದಿಲ್ಲ. ಈ ಸಲದ ಬರಹವೆಲ್ಲ ಒಂದೇ ತೊಂದರೆಯ ಮೇಲೆ.

ಫೀಡರ್ ಸರಳವಾದದ್ದು: 15 ಕಿಲೋವ್ಯಾಟ್ ಡಿಒಎಲ್ (ಮೋಟರನ್ನು ನೇರ ಲೈನ್‌ಗೇ ಸೇರಿಸುವ ಸ್ಟಾರ್ಟರ್), 32 ಆಂಪ್ ಕಾಂಟ್ಯಾಕ್ಟರ್, 230 ವೋಲ್ಟ್ 50 ಹರ್ಟ್ಸ್ ಕಾಯಿಲ್. ಸ್ಟಾರ್ಟ್-ಸ್ಟಾಪ್ ಸ್ಟೇಷನ್ 300 ಮೀಟರ್ ದೂರದಲ್ಲಿ. ಫೀಡರ್ ಬಾಗಿಲಿನ ಸ್ಟಾಪ್ ಒತ್ತಿದರೆ ಕಾಂಟ್ಯಾಕ್ಟರ್ ಚಕ್ಕನೆ ಬಿಡುತ್ತಿತ್ತು. ಫೀಲ್ಡ್ ಸ್ಟಾಪ್ ಒತ್ತಿದರೆ ಮಾತ್ರ ಕೆಲವೊಮ್ಮೆ ಬಿಡುತ್ತಿತ್ತು, ಕೆಲವೊಮ್ಮೆ ಗುಂಯ್ ಎನ್ನುತ್ತಾ ಹಿಡಿದೇ ಇರುತ್ತಿತ್ತು. ಬೆರಳು ತೆಗೆದರೆ ಮೋಟರ್ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇರುತ್ತಿತ್ತು. ನಿಲ್ಲಿಸಬೇಕಾದ ಬಟನ್ ನಿಲ್ಲಿಸದಿದ್ದರೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಹಾಗಾಗಿ ಕಾರಣ ಸಿಗುವವರೆಗೂ ಫೀಡರ್ ಟೆಸ್ಟ್ ಪೊಸಿಷನ್‌ನಲ್ಲೇ ಉಳಿಯಿತು. ಟೆಸ್ಟ್‌ನಲ್ಲಿ ಪವರ್ ಕಾಂಟ್ಯಾಕ್ಟ್‌ಗಳು ಬಿಟ್ಟಿರುತ್ತವೆ ನಿಜ, ಆದರೆ ಕಂಟ್ರೋಲ್ ಸಪ್ಲೈನ 230 ವೋಲ್ಟ್ ಹಾಗೇ ಇರುತ್ತದೆ. ಕೈ ಹಾಕುವ ಮುನ್ನ ಇದು ನೆನಪಿರಲಿ.

ಮೊದಲ ಅನುಮಾನ ಎಲ್ಲರಿಗೂ ಬರುವಂಥದ್ದೇ: ಕಾಂಟ್ಯಾಕ್ಟರ್‌ನ ಅಯಸ್ಕಾಂತದ ಪೋಲ್ ಫೇಸ್ ಮೇಲೆ ಜಿಡ್ಡು, ಇಲ್ಲವೇ ಅದರ ಕಬ್ಬಿಣದ ಕೋರ್ ಸವೆದು ನಡುಕಾಲಿನ ಗಾಳಿಸಂದು ಮುಚ್ಚಿಹೋಗಿ ಉಳಿದ ಅಯಸ್ಕಾಂತತ್ವ. ಜಿಡ್ಡು ಒರೆಸಿದ್ದಾಯಿತು, ಸಂದು ನೋಡಿದ್ದಾಯಿತು, ಕೊನೆಗೆ ಕಾಂಟ್ಯಾಕ್ಟರನ್ನೇ ಬದಲಿಸಿದ್ದೂ ಆಯಿತು. ಹೊಸದೂ ಅದೇ ಹಾಡು ಹಾಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಇದನ್ನೆಲ್ಲ ತಪ್ಪಿಸುವ ಪರೀಕ್ಷೆ ಒಂದೇ ನಿಮಿಷದ್ದು: ಕಾಯಿಲ್‌ನ ಎ1 ಟರ್ಮಿನಲ್‌ಗೆ ಹೋಗುವ ತಂತಿಯಲ್ಲಿ ಒಂದು ಡಿಸ್‌ಕನೆಕ್ಟ್ ಟರ್ಮಿನಲ್ ಹಾಕಿಡಿ, ಕಾಂಟ್ಯಾಕ್ಟರ್ ಹಿಡಿದಿರುವಾಗ ಅದನ್ನು ತೆರೆಯಿರಿ. ಆಗ ತಕ್ಷಣ ಬಿಟ್ಟರೆ ಕಾಂಟ್ಯಾಕ್ಟರ್ ನಿರಪರಾಧಿ, ಕರೆಂಟ್ ಎಲ್ಲಿಂದಲೋ ಬರುತ್ತಿದೆ ಎಂದರ್ಥ. ಇಲ್ಲಿ ತಕ್ಷಣವೇ ಬಿಟ್ಟಿತು.

ಫೀಲ್ಡ್ ಸ್ಟಾಪ್ ಒತ್ತಿ ಹಿಡಿದಾಗ ಕಾಯಿಲ್ ಮೇಲೆ ಸುಮಾರು 130 ವೋಲ್ಟ್. ಇದು ಮೀಟರ್ ತೋರಿಸುವ ಸುಳ್ಳು ವೋಲ್ಟೇಜ್ ಅಲ್ಲ. ಕಾಯಿಲ್ ಎಂಬ ಲೋಡ್ ಅಲ್ಲೇ ಕೂತಿರುವಾಗ ಬಂದ ಓದು. ಕೇಬಲ್‌ನ ಇನ್ಸುಲೇಶನ್ ಮಾತ್ರ ನೂರಾರು ಮೆಗಾಓಮ್. ಮೆಗ್ಗರ್ ಕೊಡುವುದು ಡಿಸಿ, ಅದಕ್ಕೆ ಕೆಪ್ಯಾಸಿಟನ್ಸ್ ಕಾಣುವುದೇ ಇಲ್ಲ. ಅಪರಾಧಿ ಆ ಕೆಪ್ಯಾಸಿಟನ್ಸೇ.

ಫೀಲ್ಡ್ ಕೇಬಲ್‌ನ ಮೂರು ಕೋರ್‌ಗಳ (ಒಳಗಿನ ತಂತಿಗಳ) ದಾರಿ ನೋಡಿ. ಒಂದನೆಯದು ಸ್ಟಾಪ್‌ಗೆ ಫೇಸ್ ಒಯ್ಯುತ್ತದೆ. ಎರಡನೆಯದು ಸ್ಟಾಪ್ ಮತ್ತು ಸ್ಟಾರ್ಟ್ ನಡುವಿನಿಂದ ಹೋಲ್ಡಿಂಗ್ ಕಾಂಟ್ಯಾಕ್ಟ್‌ಗೆ (ಸ್ಟಾರ್ಟ್‌ನಿಂದ ಬೆರಳು ತೆಗೆದ ಮೇಲೂ ಕಾಯಿಲ್‌ಗೆ ಕರೆಂಟ್ ಉಳಿಸುವ ಕಾಂಟ್ಯಾಕ್ಟ್) ಬರುತ್ತದೆ. ಮೂರನೆಯದು ಸ್ಟಾರ್ಟ್‌ನಿಂದ ಕಾಯಿಲ್‌ಗೆ. ಸ್ಟಾಪ್ ತೆರೆದ ಕ್ಷಣದಲ್ಲಿ ಹೋಲ್ಡಿಂಗ್ ಕಾಂಟ್ಯಾಕ್ಟ್ ಇನ್ನೂ ಮುಚ್ಚಿರುತ್ತದೆ, ಹಾಗಾಗಿ ಎರಡೂ ಮೂರೂ ಒಂದಾಗಿರುತ್ತವೆ. ಜೀವಂತ ಕೋರ್‌ನ ಪಕ್ಕದಲ್ಲಿ ಎರಡು ಕೋರ್‌ಗಳು 300 ಮೀಟರ್ ಉದ್ದ ಮಲಗಿವೆ. ಎರಡು ಕೋರ್‌ಗಳ ನಡುವೆ ಕಿಲೋಮೀಟರಿಗೆ ಅಂದಾಜು 0.3 ಮೈಕ್ರೋಫ್ಯಾರಡ್ ಎಂಬುದು ರೂಢಿಯ ಲೆಕ್ಕ. ಈ ಮೂರು ತಂತಿ ವ್ಯವಸ್ಥೆಯಲ್ಲಿ ಅದು 0.6 ಆಗುತ್ತದೆ, ಅಂದರೆ 300 ಮೀಟರಿಗೆ 0.18. ಎರಡೂ ತುದಿ ಬಿಚ್ಚಿ, ಡಿಸ್ಚಾರ್ಜ್ ಮಾಡಿ ಅಳೆದಾಗಲೂ ಅಷ್ಟೇ ಬಂತು. ಬಾಗಿಲಿನ ಸ್ಟಾಪ್ ಯಾಕೆ ಕೆಲಸ ಮಾಡುತ್ತಿತ್ತು ಎಂಬುದೂ ಈಗ ಸ್ಪಷ್ಟ: ಅದು ಕೇಬಲ್‌ಗಿಂತ ಮೊದಲೇ ಇದೆ, ಒಂದನೇ ಕೋರನ್ನೇ ಸತ್ತಂತೆ ಮಾಡುತ್ತದೆ.

ಆದರೂ ಒಂದು ಲೆಕ್ಕ ಹೊಂದುತ್ತಿರಲಿಲ್ಲ. 0.18 ಮೈಕ್ರೋಫ್ಯಾರಡ್ ಎಂದರೆ 50 ಹರ್ಟ್ಸ್‌ನಲ್ಲಿ 17.7 ಕಿಲೋಓಮ್. ಹಿಡಿದಿರುವ ಕಾಯಿಲ್ 8 ವಿಎ (ವೋಲ್ಟ್ × ಆಂಪ್), ಅಂದರೆ 6.6 ಕಿಲೋಓಮ್. ಎರಡನ್ನೂ ಸುಮ್ಮನೆ ಕೂಡಿ ಭಾಗಿಸಿದರೆ ಕಾಯಿಲ್‌ಗೆ 62 ವೋಲ್ಟ್ ಬರಬೇಕು, 130 ಅಲ್ಲ. ತಪ್ಪಿದ್ದು ಕೂಡುವುದರಲ್ಲಿ. ಕಾಯಿಲ್ ಬಹುತೇಕ ಇಂಡಕ್ಟಿವ್; ಅದರ ರಿಯಾಕ್ಟನ್ಸ್ ಕೆಪ್ಯಾಸಿಟರ್‌ನದಕ್ಕೆ ಸೇರುವುದಿಲ್ಲ, ಅದರಿಂದ ಕಳೆಯುತ್ತದೆ. ಪವರ್ ಫ್ಯಾಕ್ಟರ್ 0.3 ಹಿಡಿದು ಮತ್ತೆ ಮಾಡಿದರೆ 131 ವೋಲ್ಟ್, ರೇಟಿಂಗ್‌ನ 57 ಶೇಕಡ. ಎಸಿ ಕಾಂಟ್ಯಾಕ್ಟರ್ 75ರಿಂದ 20 ಶೇಕಡದ ನಡುವೆ ಎಲ್ಲಿ ಬೇಕಾದರೂ ಬಿಡಬಹುದು ಎನ್ನುತ್ತದೆ ಐಇಸಿ 60947-4-1. ಹಾಗಾಗಿ 57ರಲ್ಲಿ ಹಿಡಿದುಕೊಂಡ ಕಾಂಟ್ಯಾಕ್ಟರ್‌ನದು ತಪ್ಪೇ ಅಲ್ಲ. ಈ ಪ್ರಾಜೆಕ್ಟ್‌ನಲ್ಲಿ ಅತ್ಯಂತ ಖುಷಿ ಕೊಟ್ಟ ಲೆಕ್ಕ ಇದು.

ಖಚಿತಪಡಿಸಿಕೊಳ್ಳಲು ಬೆಂಚ್ ಮೇಲೆ 0.1, 0.047, 0.033 ಮೈಕ್ರೋಫ್ಯಾರಡ್‌ನ ಮೂರು ಎಕ್ಸ್2 ಕೆಪ್ಯಾಸಿಟರ್‌ಗಳನ್ನು ಪ್ಯಾರಲಲ್ ಮಾಡಿ ಸ್ಟಾಪ್ ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ ಹಾಕಿದ್ದಾಯಿತು. ಕೇಬಲ್ಲೇ ಇಲ್ಲದೆ ಅದೇ ಗುಂಯ್, ಅದೇ ಹಿಡಿತ. ಹೊಸ ಪ್ಯಾನಲ್ ಕಟ್ಟುವವರು ಮೊದಲೇ ನೋಡಿಕೊಳ್ಳಲು ಒಂದು ಸೂತ್ರವಿದೆ: 50 ಹರ್ಟ್ಸ್‌ನಲ್ಲಿ ಸಹಿಸಬಹುದಾದ ಮೈಕ್ರೋಫ್ಯಾರಡ್ = 500 × ಹೋಲ್ಡಿಂಗ್ ವಿಎ ÷ ವೋಲ್ಟೇಜಿನ ವರ್ಗ. 8 ವಿಎ, 230 ವೋಲ್ಟ್‌ಗೆ ಸಿಗುವುದು 0.076, ಅಂದರೆ ಸುಮಾರು 125 ಮೀಟರ್ ಮಾತ್ರ. ಕಡಿಮೆ ವಿಎ ಕಾಯಿಲ್ ಹಾಕಿದಷ್ಟೂ ಈ ದೂರ ಕುಗ್ಗುತ್ತದೆ. ಬಟನ್ ಮತ್ತು ಕಾಯಿಲ್ ನಡುವೆ ಸಣ್ಣ ಇಂಟರ್‌ಪೋಸಿಂಗ್ ರಿಲೇ ಹಾಕಿ ಬಚಾವಾಗೋಣ ಎಂದರೆ ತೊಂದರೆ ಹೆಚ್ಚುವುದೇ ಹೊರತು ಇಳಿಯದು.

ಈಗಿನ ಪರಿಹಾರ ಕಾಯಿಲ್‌ಗೆ ಪ್ಯಾರಲಲ್ ಆಗಿ ಒಂದು ರೆಸಿಸ್ಟರ್. ಎಷ್ಟು ಓಮ್ ಬೇಕೆಂದು ಲೆಕ್ಕ ಹಾಕುವುದು ಸುಲಭ: 1000ವನ್ನು ಮೈಕ್ರೋಫ್ಯಾರಡ್‌ನಿಂದ ಭಾಗಿಸಿ. 0.18ಕ್ಕೆ 5.6 ಕಿಲೋಓಮ್. ಕಾಂಟ್ಯಾಕ್ಟರ್ ಹಿಡಿದಷ್ಟು ಹೊತ್ತೂ ಅದು 9.4 ವ್ಯಾಟ್ ಸುಡುತ್ತದೆ, ಆದ್ದರಿಂದ 25 ವ್ಯಾಟ್‌ನ ವೈರ್‌ವೂಂಡ್ ಬೇಕು. ಫೀಡರ್‌ನ ಮೇಲ್ಭಾಗದಲ್ಲಿ, ಲೋಹದ ಪ್ಲೇಟ್ ಮೇಲೆ, ಪಿವಿಸಿ ಡಕ್ಟ್‌ನಿಂದ ದೂರ ಕೂರಿಸಬೇಕು. ಓವರ್‌ಲೋಡ್ ರಿಲೇ ಪಕ್ಕದಲ್ಲಂತೂ ಬೇಡವೇ ಬೇಡ. ಬೈಮೆಟಲ್ ಬಿಸಿಯಾಗಿ ಸುಖಾಸುಮ್ಮನೆ ಟ್ರಿಪ್ ಆಗುತ್ತದೆ. ಹಾಕಿದ ಮೇಲೆ 130 ಇದ್ದದ್ದು 54 ವೋಲ್ಟ್‌ಗೆ ಇಳಿಯಿತು, ಕಾಂಟ್ಯಾಕ್ಟರ್ ಬಿಟ್ಟಿತು. ಸ್ಟಾಪ್ ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ ಆರ್‌ಸಿ ಸ್ನಬರ್ ಇದ್ದರೆ ಕಿತ್ತು ಹಾಕಿ, ಅದೂ ಒಂದು ಕೆಪ್ಯಾಸಿಟರೇ.

ಸಪ್ಲೈಯರ್ ಬಗ್ಗೆ ಹೇಳದಿದ್ದರೆ ಆಗದು. 25 ವ್ಯಾಟ್ ಎಂದು ಬರೆದುಕೊಟ್ಟರೂ ಬಂದದ್ದು 10 ವ್ಯಾಟ್‌ನ ರೆಸಿಸ್ಟರ್, "ಅದೇ ಸರ್, ನಡೆಯುತ್ತೆ" ಎಂಬ ಮಾತಿನೊಂದಿಗೆ. ಮುಚ್ಚಿದ ಫೀಡರ್‌ನೊಳಗೆ 10 ವ್ಯಾಟ್‌ನದ್ದರ ಮೇಲೆ 9.4 ಹೇರಿದರೆ ಅದು ಬಹಳ ದಿನ ಬಾಳದು. ಸುಟ್ಟು ಓಪನ್ ಆದ ದಿನ ಸ್ಟಾಪ್ ಬಟನ್ ಮತ್ತೆ ಕೈಕೊಡುತ್ತದೆ, ಅದೂ ಯಾರಿಗೂ ಗೊತ್ತಾಗದಂತೆ. ಸ್ಪೇರ್ ಕಾಯಿಲ್ ಕೂಡ 240 ವೋಲ್ಟ್ 60 ಹರ್ಟ್ಸ್‌ನದು ಬಂತು. 230 ವೋಲ್ಟ್ 50 ಹರ್ಟ್ಸ್‌ಗೆ ಹಾಕಿದರೆ ಫ್ಲಕ್ಸ್ 15 ಶೇಕಡ ಹೆಚ್ಚು, ಕಾಯಿಲ್ ಕಾದು ಕೂರುತ್ತದೆ. ಎರಡೂ ವಾಪಸ್ ಹೋದವು.

ಓಪನ್ ಆಗುವ ಆ ಭಯದಿಂದಲೇ ರೆಸಿಸ್ಟರನ್ನು ಶಾಶ್ವತ ಪರಿಹಾರ ಎಂದು ಒಪ್ಪಲು ಮನಸ್ಸಿಲ್ಲ. ಮುಂದೆ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿ ಇಡೀ ಪ್ಯಾನಲ್ 110 ವೋಲ್ಟ್‌ಗೆ ಬರಲಿದೆ. ಅದೇ 8 ವಿಎಗೆ ಮಿತಿ 0.33 ಮೈಕ್ರೋಫ್ಯಾರಡ್‌ಗೆ ಏರುತ್ತದೆ, 550 ಮೀಟರ್ ಆರಾಮ.

ಅದಕ್ಕೂ ಮೊದಲು 6ನೇ ಫೀಡರ್‌ನ ಜಾ ಕಾಂಟ್ಯಾಕ್ಟ್‌ಗಳು (ಬಸ್‌ಬಾರನ್ನು ದವಡೆಯಂತೆ ಕಚ್ಚಿ ಹಿಡಿಯುವ ಸ್ಪ್ರಿಂಗ್ ಕಾಂಟ್ಯಾಕ್ಟ್‌ಗಳು) ಕಾಯುತ್ತಿವೆ. ಬಿ ಫೇಸ್‌ನ ಸ್ಪ್ರಿಂಗ್ ಬಣ್ಣ ತಿರುಗಿದೆ, ಕಾದು ಬಿಗಿ ಕಳೆದುಕೊಂಡಂತಿದೆ. ಮೂರೂ ಫೇಸ್‌ಗಳನ್ನು ಮೈಕ್ರೋಓಮ್ ಮೀಟರ್‌ನಲ್ಲಿ ಅಳೆದು, ಕಡಿಮೆ ಇರುವುದಕ್ಕಿಂತ 50 ಶೇಕಡ ಹೆಚ್ಚು ತೋರಿಸುವುದನ್ನು ಬಿಚ್ಚಬೇಕು. ಬೆಳ್ಳಿ ಲೇಪನದ ಮೇಲೆ ಅರ ಆಡಿಸುವುದಿಲ್ಲ, ಸ್ಪ್ರಿಂಗ್ ಮಾತ್ರ ಹೊಸದು.