ಮಾಸ್ಕ್ ಸೋರಿಕೆ: ಮೀಸೆಯೋ, ಸ್ಟ್ರಾಪೋ, ಮೀನೋ?

ಸಿಕ್ಕಿತು! ಮೂರು ವಾರದಿಂದ ತಲೆ ತಿನ್ನುತ್ತಿದ್ದ, ನನ್ನ ಸ್ನಾರ್ಕೆಲಿಂಗ್ ಮಾಸ್ಕಿನ (ಮುಖ ನೀರಲ್ಲಿಟ್ಟು ತೇಲುತ್ತಾ ಮೀನು ನೋಡುವಾಗ ಕಣ್ಣು, ಮೂಗು ಮುಚ್ಚುವ ಗಾಜಿನ ಮುಖವಾಡ) ಸೋರಿಕೆಯ ಮೂಲ ಕೊನೆಗೂ ಸಿಕ್ಕಿತು. ಹಡಗಿನ ಕ್ಯಾಬಿನ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಮುಖದ ತುಂಬ ಪೌಡರ್, ಮೇಲ್ತುಟಿಯಲ್ಲಿ ಉರಿ. ಎರಡಕ್ಕೂ ಕಾರಣ ಇದೆ.

ಕಾಲಿಗೆ ತೊಟ್ಟ ಫಿನ್ (ಈಜುರೆಕ್ಕೆ) ಒದೆಯುವುದು, ಬಾಯಲ್ಲೇ ಉಸಿರಾಡುವುದು, ಉಸಿರಿನ ಕೊಳವೆ ಸ್ನಾರ್ಕೆಲ್‌ನ ನೀರು ಊದುವುದು ನಿಮಗೆ ಗೊತ್ತಿರುವುದೇ. ಪರ್ಮಿಟ್‌ಗೆ ಓಡಾಡಿದ್ದು, ಕೊಚ್ಚಿಯಲ್ಲಿ ಹಡಗು ಹತ್ತಿದ್ದು ಕೂಡ ಬಿಡಿ. ಲಕ್ಷದ್ವೀಪದ ಬಗ್ಗೆ ಒಂದೇ ಮಾತು. ದೊಡ್ಡ ಹಡಗು ಹೆಚ್ಚಾಗಿ ಹೊರಗೇ ನಿಲ್ಲುತ್ತದೆ, ನಮ್ಮನ್ನು ಸಣ್ಣ ದೋಣಿಯಲ್ಲಿ ದಂಡೆಗೆ ಒಯ್ಯುತ್ತಾರೆ. ಹೊರಗಿನ ಅಲೆಗಳನ್ನು ಹವಳದ ದಿಬ್ಬವೇ ತಡೆಯುವುದರಿಂದ ಲಗೂನಿನ (ದಿಬ್ಬಕ್ಕೂ ದಂಡೆಗೂ ನಡುವಿನ ಆಳವಿಲ್ಲದ ಕಡಲು) ನೀರು ಕೆರೆಯ ಹಾಗೆ ಸುಮ್ಮನಿರುತ್ತದೆ. ನನ್ನಂಥ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಗಾಜು ಮಂಜಾಗುವ ರಗಳೆ ಊರಲ್ಲೇ ಮುಗಿಸಿದ್ದೆ. ಹೊಸ ಮಾಸ್ಕಿನ ಗಾಜಿನ ಒಳಗೆ ತಯಾರಿಕೆಯ ಜಿಡ್ಡು ಇರುತ್ತದಲ್ಲ, ಅದನ್ನು ಬಿಳಿ ಪೇಸ್ಟ್ ಹಚ್ಚಿ ಎರಡು ಸಲ ತಿಕ್ಕಿದೆ. ಜೆಲ್ ಪೇಸ್ಟ್ ಬೇಡ. ನೀರಿಗಿಳಿಯುವ ಮುಂಚೆ ಒಂದು ಹನಿ ಬೇಬಿ ಶಾಂಪೂ, ಅಷ್ಟೇ.

ಸೋರಿಕೆ ಮಾತ್ರ ಬಗ್ಗಲಿಲ್ಲ. ಮೊದಲ ಮಾಸ್ಕ್ ಆನ್‌ಲೈನ್‌ನಲ್ಲಿ ತರಿಸಿದ್ದು. ಫೋಟೊ ಕೆಳಗೆ ‘ಸಿಲಿಕೋನ್’ ಅಂತ ಬರೆದಿತ್ತು, ಬಂದದ್ದು ಹೊಸ ರೇನ್‌ಕೋಟಿನ ವಾಸನೆಯ ಗಟ್ಟಿ ಪ್ಲಾಸ್ಟಿಕ್. ವಾಪಸ್ ಕೇಳಿದರೆ ‘ಮುಖಕ್ಕೆ ಹಾಕಿ ನೋಡಿದ್ದೀರಿ ಸಾರ್, ಆಗಲ್ಲ’ ಅಂದರು. ಮುಖಕ್ಕೆ ಹಾಕದೆ ಮೊಣಕಾಲಿಗೆ ಹಾಕಿ ನೋಡಬೇಕಿತ್ತಾ? ಎರಡನೆಯದು ನಿಜವಾದ ಮೆತ್ತಗಿನ ಸಿಲಿಕೋನ್. ಸ್ಟ್ರಾಪ್ ಹಾಕದೆ ಮುಖಕ್ಕೆ ಒತ್ತಿ ಮೂಗಲ್ಲಿ ಉಸಿರೆಳೆದರೆ ಜಿಗಣೆಯ ಹಾಗೆ ಕಚ್ಚಿಕೊಳ್ಳುತ್ತಿತ್ತು. ಪಾಸ್ ಅಂದುಕೊಂಡೆ.

ನಿನ್ನೆ ಕವರತ್ತಿ ದ್ವೀಪದಲ್ಲಿ ಐದೇ ನಿಮಿಷಕ್ಕೆ ಮೂಗಿನವರೆಗೆ ನೀರು. ಸ್ಟ್ರಾಪ್ ಬಿಗಿ ಮಾಡಿದೆ. ನೀರು ಜಾಸ್ತಿಯಾಯಿತು. ಇನ್ನೂ ಬಿಗಿ ಮಾಡಿದೆ, ಇನ್ನೂ ಜಾಸ್ತಿಯಾಯಿತು. ಬಿಗಿ ಮಾಡಿದಷ್ಟೂ ಸಿಲಿಕೋನ್ ಅಂಚು ಮಡಚಿಕೊಂಡು ಮುಖ ಬಿಟ್ಟು ಏಳುತ್ತದೆ ಅನ್ನುವ ಬುದ್ಧಿ ಆಗ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಮುಖದ ಸುತ್ತ ಬಳೆಯ ಗುರುತು ಹಾಗೇ ಇತ್ತು. ಬಡಿಸುವವನು ಎರಡು ಸಲ ನೋಡಿದ.

ಆಗ ಹೊಳೆದದ್ದು ಪೌಡರ್ ಪರೀಕ್ಷೆ. ಹೆಂಡತಿಯ ಡಬ್ಬಿಯಿಂದ ಪೌಡರ್ ತೆಗೆದು ಮಾಸ್ಕಿನ ಅಂಚಿಗೆ ಸವರಿದೆ, ಮುಖಕ್ಕೆ ಮೆಲ್ಲಗೆ ಒತ್ತಿ ತೆಗೆದು ಕನ್ನಡಿ ನೋಡಿದೆ. ಹಣೆಯಿಂದ ಕೆನ್ನೆಯವರೆಗೆ ಬಿಳಿ ಗೆರೆ ನೀಟಾಗಿತ್ತು. ಮೂಗಿನ ಕೆಳಗೆ ಮಾತ್ರ ಗೆರೆಯೇ ಇಲ್ಲ, ಮೀಸೆಯ ತುದಿಗೆ ನಾಲ್ಕು ಕಣ ಪೌಡರ್ ಅಷ್ಟೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ. ನನ್ನದು ಬೀಳದೆಯೇ ಉಪ್ಪುನೀರು ಕುಡಿದಿತ್ತು.

ಪಿಯುಸಿಯಿಂದ ಸಾಕಿದ ಮೀಸೆ ಅದು. ಪೂರ್ತಿ ತೆಗೆಯಲು ಮನಸ್ಸಾಗಲಿಲ್ಲ. ಮೂಗಿಗೆ ಹತ್ತಿದ ಮೇಲಂಚಿನಲ್ಲಿ ಮೂರು ಮಿಲಿಮೀಟರ್ ಮಾತ್ರ ಬೋಳಿಸಿದೆ. ಹಡಗು ಓಲಾಡುವಾಗ ರೇಜರ್ ಹಿಡಿಯಬೇಡಿ. ಗಾಯಕ್ಕೆ ಉಪ್ಪುನೀರು ತಾಗಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇವತ್ತು ಕಲ್ಪೇನಿ ದ್ವೀಪ. ಸ್ಟ್ರಾಪ್ ಎರಡು ಹಲ್ಲು ಸಡಿಲ ಮಾಡಿ ತಲೆಯ ಹಿಂದೆ ಸ್ವಲ್ಪ ಮೇಲಕ್ಕೆ ಕೂರಿಸಿದೆ. ಇಪ್ಪತ್ತು ನಿಮಿಷ ಒಂದು ಹನಿ ನೀರಿಲ್ಲ!

ಇಲ್ಲೊಂದು ಅಡ್ಡಮಾತು. ನನಗೆ ಮೈನಸ್ ಮೂರು ಪವರ್. ಮಾಸ್ಕಿನೊಳಗೆ ಕನ್ನಡಕ ಹಾಕುವಂತಿಲ್ಲ, ಅದರ ಕಡ್ಡಿಯೇ ನೀರಿಗೆ ಬಾಗಿಲು. ನೀರಲ್ಲಿ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ, ಸ್ವಲ್ಪ ಹತ್ತಿರವಾಗಿ ಕಾಣುವುದರಿಂದ ಹೇಗೋ ನಡೆಯಿತು. ಆದರೆ ಮುಂದಿನ ಗುರಿ ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪ. ಅಲ್ಲಿ ಲಗೂನಿಲ್ಲ, ತೆರೆದ ಸಮುದ್ರ. ಮುಂಬದಿ ಚಪ್ಪಟೆ ಇರುವ ಲೆನ್ಸ್ ಮಾಡಿಸಿ ಗಾಜಿನ ಒಳಗೆ ಅಂಟಿಸಬೇಕು ಅಂತಿದ್ದೇನೆ. ಯಾವ ಅಂಟು ಅಂತ ಅನುಭವಸ್ಥರು ಹೇಳಿ. ನಮ್ಮ ಕನ್ನಡಕದ ಅಂಗಡಿಯವನಂತೂ ಕೇಳಿದ ಕೂಡಲೇ ‘ಬೈಫೋಕಲ್ ಹಾಕಿಸ್ಬಿಡಿ ಸಾರ್’ ಅಂದ.

ಸರಿ, ಇಪ್ಪತ್ತೊಂದನೇ ನಿಮಿಷ. ಗಿಳಿಯ ಕೊಕ್ಕಿನಂಥ ಬಾಯಿಯ ಪ್ಯಾರಟ್ ಫಿಶ್ ಒಂದು ಹವಳದ ಬಂಡೆಯನ್ನು ಕರಕರ ಕೆರೆಯುತ್ತಿತ್ತು. ಚಕ್ಕುಲಿ ಕಡಿದ ಹಾಗೆ ಸದ್ದು ನೀರೊಳಗೇ ಕೇಳುತ್ತದೆ. ಆಮೇಲೆ ನನ್ನ ಮುಂದೆಯೇ ಹಿಂದಿನಿಂದ ಬಿಳಿ ಮರಳಿನ ಮೋಡ ಬಿಟ್ಟು ಹೋಯಿತು. ಬೆಳಗ್ಗೆ ಫೋಟೊ ತೆಗೆಸಿಕೊಳ್ಳಲು ನಾವು ಹೊರಳಾಡಿದ ಮರಳಲ್ಲಿ ಇದರ ಪಾಲೂ ಇದೆ ಅಂತ ನೆನಪಾಯಿತು ನೋಡಿ, ಮಾಸ್ಕ್ ತುಂಬ ನೀರು.

ಪಕ್ಕದಲ್ಲಿ ತೇಲುತ್ತಿದ್ದ ಮಗ ದಡದಲ್ಲಿ ಹೇಳಿದ: ‘ಅಪ್ಪಾ, ನೀನು ಸ್ನಾರ್ಕೆಲ್ ಕಚ್ಕೊಂಡೇ ನಗ್ತಿದ್ದೆ.’

ಸಂಜೆ ಮತ್ತೆ ಪೌಡರ್. ಗಂಭೀರ ಮುಖಕ್ಕೆ ಒತ್ತಿದಾಗ ಗೆರೆ ಪೂರ್ತಿ. ನಕ್ಕು ಒತ್ತಿದಾಗ ಮೂಗಿನ ಎರಡೂ ಬದಿಯ ಮಡಿಕೆಯಲ್ಲಿ ಗೆರೆ ಕಡಿದಿತ್ತು, ಅಳೆದು ಕೊರೆದ ಕಾಲುವೆಯ ಹಾಗೆ. ಮನೆಯಲ್ಲಿ ಕನ್ನಡಿ ಮುಂದೆ ಯಾರು ನಗುತ್ತಾ ಪರೀಕ್ಷೆ ಮಾಡುತ್ತಾರೆ ಹೇಳಿ! ಅದಕ್ಕೇ ಪಾಸಾಗಿತ್ತು. ಸದ್ಯಕ್ಕೆ ನನ್ನ ಉಪಾಯ: ಮೀನು ಕಂಡ ಕೂಡಲೇ ಆಫೀಸಿನ ಅಪ್ರೈಸಲ್ ಮೀಟಿಂಗ್ ನೆನೆಯುವುದು. ಊರಿಗೆ ಹೋದ ಮೇಲೆ ಇನ್ನೂ ಮೆತ್ತಗಿನ, ಅಗಲ ಅಂಚಿನ ಮಾಸ್ಕ್ ಹುಡುಕಬೇಕು. ಈ ಸಲ ಅಂಗಡಿಗೇ ಹೋಗಿ, ನಕ್ಕು ನೋಡಿಯೇ ತರುತ್ತೇನೆ.

ನಾಳೆ ಮಿನಿಕಾಯ್. ಮಾಸ್ಕ್ ತೊಳೆದು ನೇತುಹಾಕಿದ್ದೇನೆ. ಬಾಗಿಲಾಚೆಯಿಂದ ಹೆಂಡತಿ ಕೇಳುತ್ತಿದ್ದಾಳೆ: ‘ರೀ, ನನ್ನ ಪೌಡರ್ ಡಬ್ಬಿ ಯಾಕೆ ಖಾಲಿ?’