ಒಂದೇ ಕಡೆಗೆ ಹರಿಯಲು ಕಣಗಳಿಗೆ ಒಂದರ ಗೊಡವೆ ಇನ್ನೊಂದಕ್ಕೆ ಯಾಕೆ ಬೇಕು?

ಕ್ವಾಂಟಮ್ ಡಯೋಡ್, ಅಂದರೆ ಹರಿವನ್ನು ಒಂದೇ ದಿಕ್ಕಿಗೆ ಬಿಡುವ ಕಣಮಟ್ಟದ ಸಾಧನ, ಅದರ ಬಗ್ಗೆ ಮಾತಾಡಿದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: "ತಂತಿಯ ಎಡಗಡೆ ಒಂದು ಥರ, ಬಲಗಡೆ ಇನ್ನೊಂದು ಥರ ಮಾಡಿದರೆ ಸಾಕಲ್ವಾ? ಕಣಗಳ ನಡುವಿನ ಎಳೆದಾಟ ಯಾಕೆ ಬೇಕು?"

ಸಾಲದು. ಒಂಟಿ ಎಲೆಕ್ಟ್ರಾನ್ ಒಂದನ್ನು ನೆನೆಯಿರಿ. ಅದರ ದಾರಿಯಲ್ಲಿ ಒಂದು ದಿಬ್ಬ, ಎಡಗಡೆ ಕಡಿದಾದ ಏರು, ಬಲಗಡೆ ಇಳಿಜಾರು. ಎಡದಿಂದ ಬಂದರೆ ದಾಟುವ ಸಾಧ್ಯತೆ ಎಷ್ಟೋ, ಅದೇ ಶಕ್ತಿಯಲ್ಲಿ ಬಲದಿಂದ ಬಂದರೂ ಅಷ್ಟೇ. ದಾರಿಗೆ ಎರಡೇ ತುದಿ ಇದ್ದು, ನಡುವೆ ಶಕ್ತಿ ಸೋರದಿದ್ದರೆ, ದಿಬ್ಬದ ಆಕಾರ ಹೇಗಿದ್ದರೂ ಇದು ತಪ್ಪುವುದಿಲ್ಲ. ಕಣಗಳು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರೆ ಒಟ್ಟು ಹರಿವು ಇಂಥ ಒಂಟಿ ಪಯಣಗಳ ಮೊತ್ತ. ತುದಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ, ಪ್ರಮಾಣ ಬದಲಾಗದು.

ಮೊಬೈಲ್ ಚಾರ್ಜರಿನ ಡಯೋಡ್? ಅಲ್ಲಿ ವೋಲ್ಟೇಜ್ ತಿರುಗಿಸಿದಾಗ ಚಾರ್ಜ್‌ಗಳೇ ಜಾಗ ಬದಲಿಸಿ ದಿಬ್ಬವನ್ನು ಎತ್ತರ ಮಾಡುತ್ತವೆ. ಅಲ್ಲೂ ಕಣಗಳು ಒಂದರ ದಾರಿಯನ್ನೊಂದು ತಿದ್ದುತ್ತಿವೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ 2018ರದು. ಭೌತವಿಜ್ಞಾನಿಗಳಾದ ವಿನಿತಾ ಬಾಲಚಂದ್ರನ್, ಜೂಲಿಯೊ ಕಸಾಟಿ, ಡೇರಿಯೊ ಪೊಲೆಟ್ಟಿ ಮತ್ತು ಸಂಗಡಿಗರು ಸ್ಪಿನ್‌ಗಳ ಸರವೊಂದನ್ನು ಲೆಕ್ಕ ಹಾಕಿ ನೋಡಿದರು. ಸ್ಪಿನ್ ಅಂದರೆ ಪುಟ್ಟ ಅಯಸ್ಕಾಂತ ಅಂದುಕೊಳ್ಳಿ. ಇಲ್ಲಿ ಹರಿವು ಅಂದರೆ ಮೇಲ್ಮುಖ ಒಂದು ಸ್ಪಿನ್ನಿಂದ ಪಕ್ಕದ್ದಕ್ಕೆ ದಾಟುತ್ತಾ ಹೋಗುವುದು. ಸರದ ಒಂದು ಅರ್ಧದಲ್ಲಿ ಪಕ್ಕದ ಸ್ಪಿನ್ ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆ ಶಕ್ತಿ ಜಾಸ್ತಿ ಬದಲಾಗುತ್ತದೆ. ಇನ್ನೊಂದರಲ್ಲಿ ಆ ಹಂಗಿಲ್ಲ. ಎರಡು ತುದಿಗೂ ಸ್ಪಿನ್‌ಗಳ ಮುಖ ತಿರುಗಿಸುವ ಹೊರಗಿನ ಆಕರಗಳು: ಒಂದು ತುದಿಗೆ ಎಲ್ಲವನ್ನೂ ಕೆಳಮುಖ ಮಾಡುವ ಆಕರ, ಇನ್ನೊಂದಕ್ಕೆ ಮೇಲೆ-ಕೆಳಗೆ ಬೆರೆಸುವ ಆಕರ.

ಕೆಳಮುಖದ ಆಕರವನ್ನು ಹಂಗಿನ ಅರ್ಧಕ್ಕೆ ತಾಗಿಸಿ. ಅಲ್ಲಿನ ಸ್ಪಿನ್‌ಗಳೆಲ್ಲ ಕೆಳಮುಖವಾಗಿ ಹೆಪ್ಪುಗಟ್ಟಿ ನಿಲ್ಲುತ್ತವೆ. ಇನ್ನೊಂದು ಅರ್ಧದಿಂದ ಮೇಲ್ಮುಖದ ಸ್ಪಿನ್ ಒಂದು ಬಂದರೆ, ಒಳಗೆ ಹೊಗಲು ಬೇಕಾದ ಶಕ್ತಿಗೂ ಅದು ತಂದ ಶಕ್ತಿಗೂ ತಾಳೆ ಬೀಳುವುದಿಲ್ಲ. ವಾಪಸ್ ಹೋಗುತ್ತದೆ. ಈಗ ಆಕರಗಳನ್ನು ಬದಲಿಸಿ. ಹಂಗಿನ ಅರ್ಧದಲ್ಲಿ ಮೇಲೆ-ಕೆಳಗೆ ಬೆರೆತಿರುತ್ತವೆ, ಹಾಗಾಗಿ ಬಗೆಬಗೆಯ ಶಕ್ತಿಗಳು ಸಿಗುತ್ತವೆ. ಕೆಲವು ತಾಳೆಯಾಗುತ್ತವೆ, ಹರಿವು ಸಾಗುತ್ತದೆ. ಅಂದರೆ ಕದ ತೆರೆಯುವುದೂ ಮುಚ್ಚುವುದೂ ಒಳಗಿರುವ ಕಣಗಳೇ.

ಬರೀ 8 ಸ್ಪಿನ್‌ಗಳ ಸರದಲ್ಲೇ ಎರಡು ದಿಕ್ಕಿನ ಹರಿವಿಗೆ ಸುಮಾರು 10,000 ಪಟ್ಟು ವ್ಯತ್ಯಾಸ! "ಹಾಗಾದರೆ ಪುಕ್ಕಟೆ ಶಕ್ತಿ ಸಿಗುತ್ತಾ?" ಅಂತಲೂ ಕೇಳುತ್ತಾರೆ. ಇಲ್ಲ, ಎರಡೂ ತುದಿಗೆ ಒಂದೇ ಥರದ ಆಕರ ಇಟ್ಟರೆ ಹರಿವು ಸೊನ್ನೆ. ಆದರೆ ಸರ ಉದ್ದವಾಗುತ್ತಾ ಹೋದಂತೆ, ತೆರೆದ ದಿಕ್ಕಿನ ಹರಿವು ಮೆಲ್ಲಗೆ ತಗ್ಗಿದರೆ, ಮುಚ್ಚಿದ ದಿಕ್ಕಿನದು ಬಲುಬೇಗ ಬತ್ತಿಹೋಗುತ್ತದೆ.